ಕರೆಂಟೂ ಡ್ರಿಪ್ಪೂ ಒಟ್ಟಿಗೆ

ಅತ್ತೆಯ ಹಿಮ್ಮಡಿಯಲ್ಲಿ ನೇರಳೆ ಹಣ್ಣು ತುಳಿದಂಥ ಕಪ್ಪು ಕಲೆ. ಹೊಂಗನೂರಿನ ಅವಳ ಮನೆಯ ಪಡಸಾಲೆಯಲ್ಲಿ ಆ ಸಂಜೆ ನಾವು ನಾಲ್ವರಿದ್ದೆವು: ಕಾಲು ಚಾಚಿ ಕೂತಿದ್ದ ನನ್ನ ಸೋದರತ್ತೆ, ಐದು ತಿಂಗಳ ಬಸುರಿಯಾದ ಅವಳ ಮಗಳು, ಅತ್ತೆಯ ಮೈದುನ, ನಾನು.

ಈ ಮೈದುನ ಫೋನಿನಲ್ಲಿ ವಿಡಿಯೋ ನೋಡಿ ಪಂಡಿತನಾದ ಆಸಾಮಿ. ಆ ಕಲೆಯನ್ನು ಆಣಿಯೆಂದು ತೀರ್ಮಾನಿಸಿ ಎಂಟು ತಿಂಗಳು ಎಕ್ಕದ ಹಾಲು ಹಚ್ಚಿಸಿದ್ದ. ರೇಷ್ಮೆಹುಳ ಬಿಟ್ಟು ಆಸ್ಪತ್ರೆಗೆ ಹೋಗಲು ಪುರುಸೊತ್ತಿಲ್ಲದ ಅತ್ತೆ ಹಚ್ಚಿಸಿಕೊಂಡಿದ್ದಳು. ತೊಡೆಸಂದಿನಲ್ಲಿ ಗಡ್ಡೆ ಎದ್ದಾಗಲೂ ಈ ಮಹಾಶಯ “ಉಷ್ಣ” ಅಂದ. ಊರಿಗೆಲ್ಲ ಬುದ್ಧಿ ಹಂಚುವವನ ಹತ್ತಿರ ಅದರ ದಾಸ್ತಾನೇ ಇರಲಿಲ್ಲ. ಅವನನ್ನು ಕಂಡರೆ ನನಗೆ ಹೇಸಿಗೆ. “ಬಾಯಿಗೆ ಬೀಗಿಲ್ಲ, ತಲೆಗೆ ಬಾಗ್ಲಿಲ್ಲ” ಎಂದು ಅತ್ತೆ ನಗುತ್ತಿದ್ದಳು. ನಾನು ಮಾತು ಕಲಿತದ್ದೇ ಅವಳಿಂದ.

ಚರ್ಮದ ಕ್ಯಾನ್ಸರ್, ಹಿಮ್ಮಡಿಯಿಂದ ತೊಡೆಸಂದಿಗೆ ಹರಡಿದೆ ಅಂದಿದ್ದರು ಬೆಂಗಳೂರಿನ ಡಾಕ್ಟರು. ಮೈಯ ಕಾವಲುಶಕ್ತಿಯನ್ನು ಎಬ್ಬಿಸುವ ಇಮ್ಯುನೊಥೆರಪಿ ಡ್ರಿಪ್ಪು, ಜೊತೆಯಲ್ಲೇ ಗಡ್ಡೆಗೆ ರೇಡಿಯೇಷನ್. ನಮ್ಮ ಕಡೆಯವರ ಬಾಯಲ್ಲಿ ಕರೆಂಟು. ಪೂರ್ತಿ ವಾಸಿಯಾಗುತ್ತದೆನ್ನಲಾರೆ, ತಡ ಮಾತ್ರ ಮಾಡಬೇಡಿ ಅಂದರು. ಅತ್ತೆ ಕೇಳಿದ್ದು ಒಂದೇ: “ಮಗಳ ಬಾಣಂತನ ಮಾಡೋಗಂಟ ಇರ್ತೀನಾ ಸ್ವಾಮಿ?”

ಈಗ ಮೈದುನ ಗಂಟಲು ಸರಿಮಾಡಿಕೊಂಡ. “ಎರಡೂ ಒಟ್ಗೆ ಬ್ಯಾಡ ಅತ್ಗೆ, ಮೈ ತಡೆಯಾಕಿಲ್ಲ. ಮೊದ್ಲು ಡ್ರಿಪ್ಪಾಗ್ಲಿ, ಕರೆಂಟು ಆಮ್ಯಾಕೆ ನೋಡನ. ವಿಡಿಯೋದಲ್ಲಿ ಹೇಳವ್ರೆ.”

“ವಿಡಿಯೋದವ್ನು ನನ್ ಕಾಲು ನೋಡವ್ನಾ?”

“ಹಂಗಲ್ಲ ಅತ್ಗೆ...”

“ಹುಳಕ್ಕೆ ರೋಗ ಬಂದ್ರೆ ಏನ್ಲಾ ಮಾಡ್ತೀವಿ? ಕೆಟ್ಟ ಹುಳ ಆರಿಸಿ ಬಿಸಾಕಿ, ಅವತ್ತೇ ಸುಣ್ಣ ಎರಚ್ತೀವಿ. ಇವತ್ತು ಆರಿಸ್ಬುಟ್ಟು ಬರೋ ತಿಂಗ್ಳು ಸುಣ್ಣ ಹಾಕಿದ್ರೆ, ಗೂಡು ನಿಮ್ಮಪ್ಪ ಬಂದು ಕಟ್ತಾನಾ?”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈದುನ ಎದ್ದ. “ಹೆಚ್ಚೂಕಮ್ಮಿಯಾದ್ರೆ ನಾ ಜವಾಬ್ದಾರನಲ್ಲ.”

“ಇಲ್ಲೀಗಂಟ ಆಗಿದ್ಯಾ?” ಅಂದಳು ಅತ್ತೆ.

ಮರುವಾರವೇ ಎರಡೂ ಶುರುವಾದವು. ಮೈಯೆಲ್ಲ ನವೆ, ಕರೆಂಟು ಬಿದ್ದಲ್ಲಿ ಚರ್ಮ ಸುಲಿಯಿತು. ನೋಡಲು ಬಂದ ಮೈದುನ “ನಾ ಹೇಳ್ಲಿಲ್ವಾ” ಅಂದ, ಕಾಫಿ ಕುಡಿದ, ಹೋದ. ಗಡ್ಡೆ ಇಳಿಯುತ್ತ ಬಂತು.

ಹೆಣ್ಣು ಮಗು ಹುಟ್ಟಿತು. ಅದು ಅಂಬೆಗಾಲಿಡುವ ಹೊತ್ತಿಗೆ ಕಾಯಿಲೆ ಶ್ವಾಸಕೋಶಕ್ಕೆ ಇಳಿದು ಅತ್ತೆ ಹೋದಳು. ಅದಕ್ಕೂ ಮುಂಚೆ, ಮೂರು ತಿಂಗಳು, ಬೇರೆ ಯಾರನ್ನೂ ಬಚ್ಚಲಿಗೆ ಬಿಡದೆ ಮೊಮ್ಮಗಳಿಗೆ ತಾನೇ ಎಣ್ಣೆ ತಿಕ್ಕಿ ನೀರು ಹಾಕಿದಳು.