ದೇವರ ಕೋಣೆಯಲ್ಲಿ ತೊಳೆದ ಫೋಟೋ

ಹುಣಸೆಹುಳಿ ಹಚ್ಚಿ ದೇವರ ದೀಪ ತಿಕ್ಕುತ್ತಿದ್ದೆ. ಪುತ್ತೂರಿನಿಂದ ನಮ್ಮವರ ಫೋನು ಬಂತು.

"ಏ ಮಾರಾಯ್ತಿ, ಒಂದು ಬಾಕ್ಸ್ ಎಕ್ಸ್‌ರೇ ಫಿಲ್ಮ್ ಸಿಕ್ಕಿತು. ಪುಕ್ಕಟೆ!"

ಮನೆಯಲ್ಲಿ ಯಾರ ಎಲುಬೂ ಮುರಿದಿರಲಿಲ್ಲ, ದೇವರ ದಯೆ. ಆದರೂ ಅವರ ಸಂತೋಷ ನೋಡಿದರೆ ಯಾರದಾದರೂ ಮುರಿದರೆ ಒಳ್ಳೆಯದಿತ್ತೋ ಏನೋ ಅನಿಸುವಂತಿತ್ತು.

ನಮ್ಮವರು ಕಡಬದಲ್ಲಿ ಬಹಳ ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬಾಗಿಲು ಹಾಕಿದರು. ಮನೆಗೆ ಬಂದದ್ದು ಮರದ ಹಳೆಯ ದೊಡ್ಡ ಕ್ಯಾಮೆರಾ, ಮೂರು ಕಾಲಿನದ್ದು, ಕಪ್ಪು ಬಟ್ಟೆ ಹೊದ್ದು ಒಳಗೆ ತಲೆ ಹಾಕುವಂಥದ್ದು. ಅದಕ್ಕೆ ಅಂಗೈಗಿಂತ ಅಗಲದ ಫಿಲ್ಮ್ ಬೇಕು. ಅದನ್ನು ಈಗ ತರಿಸುವುದು ನಮ್ಮಂಥವರಿಂದ ಆಗುವ ಮಾತಲ್ಲ. ಎಕ್ಸ್‌ರೇ ಫಿಲ್ಮನ್ನೇ ಕತ್ತರಿಸಿ ಹಾಕಿದರೂ ಆಗುತ್ತದೆಂದು ಎಲ್ಲಿಯೋ ನೋಡಿದ್ದರು. ಕಂಪ್ಯೂಟರಿಗೆ ಬದಲಾದ ಒಂದು ಕ್ಲಿನಿಕ್ಕಿನವರು ಮೂಲೆಯಲ್ಲಿದ್ದ ಬಾಕ್ಸನ್ನು ಕೊಟ್ಟು ಕಳಿಸಿದ್ದರು.

ಇಷ್ಟಕ್ಕೆಲ್ಲ ಕಾರಣ ನನ್ನ ಅತ್ತೆ. ಎಂಬತ್ತು ದಾಟಿದ ಅವರಿಗೆ ಇದ್ದದ್ದು ಒಂದೇ ಫೋಟೋ, ಆಧಾರ್ ಕಾರ್ಡಿನದ್ದು.

"ಊರಿನವರ ಮದುವೆಯೆಲ್ಲ ತೆಗೆದ ಮಗ, ಅಮ್ಮನದ್ದು ಒಂದು ತೆಗೀಲಿಲ್ಲ. ನಾನು ಸತ್ತ ಮೇಲೆ ಆ ಕಾರ್ಡಿನ ಕಳ್ಳಿಯ ಮುಖಕ್ಕೆ ಹಾರ ಹಾಕುದಾ ನೀವು?"

ಮೊಬೈಲಿನಲ್ಲಿ ತೆಗೆಯುತ್ತೇನೆ ಎಂದರೆ ಒಪ್ಪರು. "ಅದು ಬೆಕ್ಕಿನ ಫೋಟೋ ತೆಗೀಲಿಕ್ಕೆ ಇರುದು. ನನಗೆ ಆ ಮೂರು ಕಾಲಿನದ್ದೇ ಆಗ್ಬೇಕು."

ಎಕ್ಸ್‌ರೇ ಫಿಲ್ಮಿನ ಒಂದು ಗುಣ, ಕೆಂಪು ಬೆಳಕಿಗೆ ಅದು ಹಾಳಾಗುವುದಿಲ್ಲವಂತೆ. ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ, ಕೆಂಪು ಜೀರೋ ಬಲ್ಬ್ ಇರುವ ಕೋಣೆ ಒಂದೇ. ದೇವರದ್ದು.

"ಸ್ನಾನ ಮಾಡಿ ಮಡಿಯಲ್ಲಿ ಹೋಗುದಾದ್ರೆ ಹೋಗಿ," ಎಂದೆ. ಫಿಲ್ಮ್ ತೊಳೆಯುವ ಮದ್ದಿನ ವಾಸನೆ ತಾಗದಿರಲೆಂದು ಮಂಟಪಕ್ಕೆ ಪರದೆ ಎಳೆದೆ. ನಮ್ಮವರು ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ, ದೇವರ ಮುಂದೆ ಕುಳಿತು ಫಿಲ್ಮ್ ಕತ್ತರಿಸಿದರು. ಹೊರಗಿನಿಂದ ನೋಡಿದವರಿಗೆ ಯಾವುದೋ ದೊಡ್ಡ ಪೂಜೆ ನಡೆಯುತ್ತಿರುವ ಹಾಗೆ.

ಬಾಕ್ಸಿಗೆ ತೇವ ಹಿಡಿದಿತ್ತು. ಫಿಲ್ಮುಗಳು ಮಳೆಗಾಲದ ಹಪ್ಪಳದಂತೆ ಒಂದಕ್ಕೊಂದು ಅಂಟಿದ್ದವು. ಸರಿಯಾಗಿ ಬಿಡಿಸಲು ಬಂದದ್ದು ಒಂದೇ ಹಾಳೆ, ಅದರಿಂದ ಮೂರು ತುಂಡು. ಒಂದೂ ಇಲ್ಲದಿದ್ದರೆ ಎಂತ ಮಾಡಬೇಕಿತ್ತು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಅಷ್ಟರಲ್ಲಿ ಸುದ್ದಿ ಬೇಲಿ ದಾಟಿತ್ತು. ಪಕ್ಕದ ಮನೆಯ ಬ್ಯಾರಿ ಹೆಂಗಸು ಕುಂಟುತ್ತಾ ಬಂದಳು.

"ಅಕ್ಕಾ, ಅಣ್ಣ ಮನೆಯಲ್ಲೇ ಎಕ್ಸ್‌ರೇ ತೆಗೀತಾರಂತಲ್ಲ. ನನ್ನ ಮೊಣಗಂಟು ಒಂದು ನೋಡ್ಲಿಕ್ಕೆ ಆಗ್ತದಾ?"

"ಅದು ಬರೀ ಫಿಲ್ಮ್ ಮಾರಾಯ್ತಿ. ಎಲುಬು ಕಾಣ್ಬೇಕಾದ್ರೆ ಆಸ್ಪತ್ರೆಯ ಮಿಷನ್ ಬೇಕು."

"ಹೌದಾ? ಇರ್ಲಿ, ಬಂದದ್ದು ಬಂದೆ," ಎಂದು ಮೊಣಗಂಟನ್ನು ಕ್ಯಾಮೆರಾದ ಕಡೆಗೇ ಚಾಚಿ ಕುಳಿತು ಚಹಾ ಕುಡಿದಳು.

ಅತ್ತೆ ಅಂಗಳಕ್ಕೆ ಬಂದರು. ಕಿವಿಯಲ್ಲಿ ಬೆಂಡೋಲೆ ಇಲ್ಲ, ಕೊರಳು ಬೋಳು. ಹೋದ ವರ್ಷ ಪುತ್ತೂರಿನ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇಗೆ ಚಿನ್ನ ಎಲ್ಲ ಬಿಚ್ಚಿಸಿದ್ದರಂತೆ. ಇದಕ್ಕೂ ಹಾಗೆಯೇ ಎಂದು ತಾವೇ ಬಿಚ್ಚಿ ಡಬ್ಬಿಯಲ್ಲಿ ಹಾಕಿ ಬಂದಿದ್ದರು. ನಮ್ಮವರು ಕಪ್ಪು ಬಟ್ಟೆಯೊಳಗೆ ಇದ್ದರು, ನಾನು ಚಹಾದ ಲೋಟ ಎತ್ತುತ್ತಿದ್ದೆ, ಇಬ್ಬರಿಗೂ ಹೊಳೆಯಲಿಲ್ಲ. "ಅಲ್ಲಾಡ್ಬೇಡಿ ಅಮ್ಮ," ಎಂದದ್ದೇ ತಡ, ಅವರು ಆಸ್ಪತ್ರೆಯಲ್ಲಿ ಕಲಿತ ಹಾಗೆ ಉಸಿರು ಎಳೆದು ಹಿಡಿದರು. ತೊಳೆದು ನೋಡಿದರೆ ಕೆನ್ನೆ ಎರಡೂ ಬೋಂಡದ ಹಾಗೆ ಊದಿದ್ದವು.

"ಇದಕ್ಕಿಂತ ಆಧಾರ್ ಆಗ್ಬಹುದು," ಎಂದರು ಅತ್ತೆ.

ಎರಡನೆಯದಕ್ಕೆ ಚಿನ್ನ ಹಾಕಿಸಿ, ಉಸಿರು ಬಿಡಿಸಿ ಕೂರಿಸಿದೆವು. ಆ ಫಿಲ್ಮಿಗೆ ಎರಡು ಬದಿಯಲ್ಲೂ ಚಿತ್ರ ಮೂಡುವ ಮದ್ದಿನ ಲೇಪ ಇರುತ್ತದೆ, ಒದ್ದೆಯಾದಾಗ ಬೆಣ್ಣೆಯಷ್ಟು ಮೆತ್ತಗೆ. ನಮ್ಮವರ ಉಗುರು ತಾಗಿ ಅತ್ತೆಯ ಮೂಗಿನ ಮೇಲೆ ಬೆಕ್ಕು ಪರಚಿದ ಹಾಗಾಯಿತು. ಉಳಿದದ್ದು ಒಂದೇ ತುಂಡು.

ಅದನ್ನು ತೆಗೆಯುವಾಗ ಸಂಜೆಯಾಗಿತ್ತು. ಅತ್ತೆ ಚೆನ್ನಾಗಿ ಕುಳಿತರು, ಸ್ವಲ್ಪ ನಕ್ಕರು ಕೂಡ. ನಮ್ಮವರು ಇನ್ನೊಮ್ಮೆ ಮಿಂದು ದೇವರ ಕೋಣೆ ಸೇರಿದರು. ನಾನು ಕೈಕಾಲು ತೊಳೆದು, ತುಳಸಿಗೆ ಸುತ್ತು ಬಂದು, ಹಣತೆ ಹಿಡಿದು, ಮದುವೆಯಾದಂದಿನಿಂದ ಪ್ರತಿದಿನ ಮಾಡುವ ಹಾಗೆ ದೇವರ ಕೋಣೆಯ ಬಾಗಿಲು ತೆರೆದೆ.

"ಅಯ್ಯೋ!" ಎಂಬ ನಮ್ಮವರ ಕೂಗು ದೂರದ ಕೊಯಿಲದ ಫಾರ್ಮಿನ ದನಗಳಿಗೂ ಕೇಳಿರಬೇಕು.

ಆ ರಾತ್ರಿ ನಮ್ಮವರು ಕುಡಿಯಲು ನೀರು ಬೇಕಾದರೂ ಅತ್ತೆಯ ಹತ್ತಿರವೇ ಕೇಳಿದರು. ಊಟ ಮಾತ್ರ ಮಾಡಿದರು, ಅದೂ ಒಂದು ಕರುಣೆಯೇ.

ಬೆಳಿಗ್ಗೆ ಒಣಗಿದ ಫಿಲ್ಮನ್ನು ಕಿಟಕಿಗೆ ಹಿಡಿದು, ಮೊಬೈಲಿನಲ್ಲಿ ತೆಗೆದು, ಕಪ್ಪು ಬಿಳುಪು ಅದಲುಬದಲು ಮಾಡಿದರು. ನೋಡುತ್ತಿದ್ದ ಪಕ್ಕದವಳು, "ಹಾಗಾದ್ರೆ ಮೊದಲೇ ಮೊಬೈಲಲ್ಲಿ ತೆಗೀಬಹುದಿತ್ತಲ್ಲ ಅಣ್ಣ?" ಎಂದಳು. ನಮ್ಮವರು ಫಿಲ್ಮು, ಮೊಬೈಲು ಎರಡನ್ನೂ ಹಿಡಿದುಕೊಂಡು ಅತ್ತೆಯ ಹತ್ತಿರ ಹೋದರು.

ಫಿಲ್ಮಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಎಲೆಯಡಿಕೆ ಜಗಿದ ತುಟಿ ಇದ್ದಿಲಿನಷ್ಟು ಕಪ್ಪಾಗಿತ್ತು. ಕೆಂಪು ಸೀರೆಯೂ ಕಪ್ಪು. ಮುಖದ ಒಂದೊಂದು ಗೆರೆಯೂ ಎಣಿಸುವಷ್ಟು ಚೊಕ್ಕ, ಕಣ್ಣಲ್ಲಿ ಆ ಸಣ್ಣ ನಗೆ. ನಾನು ಬಾಗಿಲು ತೆರೆದ ಬದಿಯಲ್ಲಿ ಮಾತ್ರ ಬೆಳಕು ನುಗ್ಗಿ, ಒಂದು ಕಿವಿ ಪೂರ್ತಿ ಅಳಿಸಿಹೋಗಿತ್ತು.

ಅತ್ತೆ ಮೊಬೈಲನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ನನ್ನ ಒಂದು ಬೆಂಡೋಲೆ ಎಲ್ಲಿ?"

"ತಪ್ಪು ನನ್ನದು ಅತ್ತೆ. ದೀಪ ಇಡ್ಲಿಕ್ಕೆ ಬಾಗಿಲು ತೆರೆದೆ."

"ಮತ್ತೆ? ಫೋಟೋ ಉಂಟು ಅಂತ ದೀಪ ಇಡದೆ ಇರ್ಲಿಕ್ಕೆ ಆಗ್ತದಾ?" ಎಂದವರು ಮಗನ ಕಡೆ ತಿರುಗಿದರು. "ಇದೇ ಇರ್ಲಿ. ದೊಡ್ಡದು ಮಾಡಿ ಕಟ್ಟು ಹಾಕಿಸು. ಆ ಬದಿಗೆ ಹಾರ ಸ್ವಲ್ಪ ದಪ್ಪ ಬರ್ಲಿ."

ನಮ್ಮವರು ನನ್ನನ್ನು ನೋಡಿ, "ಚಹಾ ಉಂಟಾ?" ಎಂದರು. ನಾನು ಚಹಾಕ್ಕೆ ನೀರಿಟ್ಟು, ಮದ್ದು ಚೆಲ್ಲಿದ್ದ ದೇವರ ಕೋಣೆಯ ನೆಲ ಒರೆಸಲು ಹೋದೆ.