ಸಕ್ಕರೆಯಲ್ಲಿ ಬರೆದ ಹೆಸರು

ದೆವ್ವ-ಗಿವ್ವ, ಮೈಮೇಲೆ ಬರೋದು, ಸತ್ತವರು ಬಂದು ಗುಟ್ಟು ಹೇಳೋದು, ಇಂಥದ್ದನ್ನು ಯಾರಾದರೂ ಹೇಳಿದರೆ ಅವರ ಮುಖದ ಮೇಲೇ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ನಡೆದದ್ದನ್ನು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ ಹೇಳಬೇಕು. ನಾಚಿಕೆಯಾಗುತ್ತದೆ, ಆದರೆ ಎಲ್ಲ ಶುರುವಾದದ್ದೇ ಅಲ್ಲಿಂದ.

ಅಮೆರಿಕದ ಟೆಕ್ಸಸ್‌ನ ರಿಚರ್ಡ್‌ಸನ್‌ನಲ್ಲಿ ನಮ್ಮ ಪಕ್ಕದ ಮನೆಯವಳು ಲಿಂಡಾ, ರಿಟೈರ್ ಆದ ಟೀಚರ್. ಅವಳಿಗೆ ಇದ್ದದ್ದು ಒಂದೇ ಹುಚ್ಚು, ವಂಶದ ಇತಿಹಾಸ ಹುಡುಕುವುದು. ಅವಳ ತಾಯಿಯ ಮುತ್ತಜ್ಜಿಯೊಬ್ಬಳು ನೂರೈವತ್ತು ವರ್ಷಗಳ ಹಿಂದೆ ಇದೇ ಟೆಕ್ಸಸ್‌ನ ಒಂದು ಹಳ್ಳಿಯಲ್ಲಿ ಹತ್ತಿ ಬೆಳೆದು, ಹನ್ನೊಂದು ಮಕ್ಕಳನ್ನು ಹೆತ್ತು ಸತ್ತವಳು. ಅವಳ ಹೊಲದ ಕಾಗದ, ಅವಳು ಹಸು ಮಾರಿದ ಚೀಟಿ, ಅವಳು ಹೊಲಿದ ಕೌದಿಯ ತುಂಡು ಕೂಡ ಲಿಂಡಾಳ ಹತ್ತಿರ ಇದ್ದವು. ಇಲ್ಲದ್ದು ಒಂದೇ, ಆ ಹೆಂಗಸಿನ ಸ್ವಂತ ಹೆಸರು. ಎಲ್ಲ ಕಡೆಯೂ ‘ಮಿಸೆಸ್ ಹಾರ್ಪರ್’, ಗೋರಿಯ ಕಲ್ಲಿನ ಮೇಲೂ ಅಷ್ಟೇ. ಲಿಂಡಾಳ ತಾಯಿ ಚಿಕ್ಕಂದಿನಿಂದ ಆ ಹೆಸರಿಗಾಗಿ ಹಂಬಲಿಸಿದವರು. ಈಗ ತೊಂಬತ್ತು ದಾಟಿ, ಹ್ಯೂಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದರು. ಅವರು ಕಣ್ಣು ಮುಚ್ಚುವುದರೊಳಗೆ ಹೆಸರು ಹುಡುಕಿ ಹೇಳಬೇಕು ಅಂತ ಲಿಂಡಾಳ ಹಟ.

ನನಗೋ ಹೊಟ್ಟೆಯಲ್ಲಿ ಉರಿ. ನನ್ನ ಮುತ್ತಜ್ಜಿಯನ್ನು ನಾವು ಆಯಿ ಅಂತಿದ್ದೆವು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು. ಅವಳದು ಅಂತ ನನ್ನ ಹತ್ತಿರ ಒಂದು ಹರಕು ಸೀರೆಯೂ ಇಲ್ಲ. ಗಂಡನ ಮನೆಯವರು ಇಟ್ಟ ಹೆಸರು ಲಕ್ಷ್ಮೀಬಾಯಿ. ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ಗಿರಿಜಾ ಆಗಿ ಮಣೆಯ ಮೇಲೆ ಕೂತ ನಾನು ವೀಣಾ ಆಗಿ ಎದ್ದದ್ದೂ ಹಾಗೆಯೇ. ಆಯಿಯ ತವರಿನ ಹೆಸರು ಏನಿತ್ತು ಅಂತ ಧಾರವಾಡಕ್ಕೆ ಫೋನ್ ಮಾಡಿದರೆ ಮಾಮಾ ನಕ್ಕುಬಿಟ್ಟರು. “ಆಯಿ ಅಂದ್ರ ಆಯಿ. ಆಕೀ ಹೆಸರು ಯಾರು ಕೇಳ್ಯಾರವಾ?”

ಲಿಂಡಾಳಿಗೆ ಕಣ್ಣಿನ ಆಪರೇಶನ್ ಆಗಿತ್ತು. ಕೂಡಿಸಿ ಬರೆದ ಹಳೆಯ ಇಂಗ್ಲಿಷ್ ಅಕ್ಷರ ಓದಲು ನನ್ನನ್ನು ಕರೆದುಕೊಂಡು ಆಸ್ಟಿನ್‌ಗೆ ಹೊರಟಳು. ಅಲ್ಲಿಯ ದಾಖಲೆ ಕೋಣೆಯಲ್ಲಿ ಒಂದು ಹಳ್ಳಿಯ ಚರ್ಚಿನ ರಿಜಿಸ್ಟರ್ ನಮ್ಮ ಮುಂದೆ ಬಂತು. ಲಿಂಡಾ ಬಾತ್‌ರೂಮಿಗೆ ಹೋಗಿದ್ದಾಗ ಆ ಸಾಲು ನನ್ನ ಕಣ್ಣಿಗೆ ಬಿತ್ತು. ಹಾರ್ಪರ್‌ನ ಹೆಂಡತಿ, ಅರ್ಮಿಂಡಾ. ಅದೇ ಊರು, ಅದೇ ಹನ್ನೊಂದು ಮಕ್ಕಳು.

ಇವಳಿಗೆ ಕೌದಿಯೂ ಬೇಕು, ಹೊಲವೂ ಬೇಕು, ಹೆಸರೂ ಬೇಕೇನು? ನಾನು ಪುಟ ತಿರುವಿದೆ. ಲಿಂಡಾ ಬಂದಾಗ “ಇದರಲ್ಲೂ ಏನೂ ಇಲ್ಲ” ಅಂದೆ. ಪಾಪ, ಅವಳು ನನ್ನ ಭುಜ ತಟ್ಟಿ ಥ್ಯಾಂಕ್ಸ್ ಹೇಳಿದಳು.

ಮರುದಿನ ಮಧ್ಯಾಹ್ನ ಹ್ಯೂಸ್ಟನ್ ತಲುಪಿದೆವು. ಅವಳ ತಾಯಿಯನ್ನು ನಾನು ಅದೇ ಮೊದಲು ನೋಡಿದ್ದು. ಮಗಳ ಗುರುತು ಮರೆತು ಒಂದು ವರ್ಷವಾಗಿತ್ತಂತೆ, ಪೆನ್ನು ಹಿಡಿಯದೆ ಇನ್ನೂ ಹೆಚ್ಚು. ಲಿಂಡಾ ನರ್ಸ್ ಜೊತೆ ಮಾತಾಡಲು ಹೊರಗೆ ಹೋದಳು. ಮುದುಕಿ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಊಟದ ಟ್ರೇಯಲ್ಲಿದ್ದ ಸಕ್ಕರೆಯ ಪೊಟ್ಟಣಗಳನ್ನು ಒಂದೊಂದಾಗಿ ಹರಿದು ಸುರಿದರು. ಅಂಗೈಯಿಂದ ಸಮನಾಗಿ ಹರವಿದರು. ಬೆರಳಲ್ಲಿದ್ದ ಉಂಗುರ ಬಿಚ್ಚಿ, ಅದರ ಅಂಚಿನಿಂದ ನಿಧಾನವಾಗಿ ಬರೆದರು. ಅರ್ಮಿಂಡಾ.

ಅಯ್ಯೋ ದೇವರೇ! ಆ ಹೆಸರನ್ನು ನಾನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಷ್ಟರಲ್ಲಿ ಲಿಂಡಾ ಒಳಗೆ ಬಂದು ಟ್ರೇ ನೋಡಿದಳು. “ಮಾಮ್, ಯಾರಿದು?” ಮುದುಕಿ ನನ್ನ ಕಡೆ ತಿರುಗಿದರು.

“ನಿಮ್ಮ ಮಿಸೆಸ್ ಹಾರ್ಪರ್” ಅಂದೆ. “ನಿನ್ನೆ ರಿಜಿಸ್ಟರಿನಲ್ಲೇ ಇತ್ತು ಲಿಂಡಾ. ನಾನು ಮುಚ್ಚಿಟ್ಟೆ.”

“ಯಾಕೆ?”

“ಹೊಟ್ಟೆಕಿಚ್ಚಿಗೆ.”

ಬೈದಿದ್ದರೆ ಚೆನ್ನಾಗಿತ್ತು. ಅವಳು ತಾಯಿಯ ಕಿವಿಯ ಹತ್ತಿರ ಬಗ್ಗಿ ಆ ಹೆಸರನ್ನು ಎರಡು ಸಲ ಹೇಳಿದಳು, ಆಮೇಲೆ ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು.

ಕೋಣೆಯಲ್ಲಿ ಮತ್ತೆ ನಾವಿಬ್ಬರೇ. ಮುದುಕಿ ಅಂಗೈಯಿಂದ ಸಕ್ಕರೆಯನ್ನು ಒರೆಸಿ ಮತ್ತೆ ಸಮ ಮಾಡಿದರು. ಟ್ರೇಯನ್ನು ನನ್ನ ಕಡೆಗೆ ತಳ್ಳಿ, ಉಂಗುರವನ್ನು ನನ್ನ ಕೈಯಲ್ಲಿಟ್ಟರು. “ಈಗ ನಿಮ್ಮವಳದು ಬರಿ” ಅಂದರು. ನಾನು ಉಂಗುರ ಹಿಡಿದು ಕೂತೇ ಇದ್ದೆ.

ಆ ವಾರವೇ ಅವರು ತೀರಿಕೊಂಡರು. ಚಿಕ್ಕಂದಿನಲ್ಲಿ ಎಲ್ಲೋ ಕೇಳಿದ್ದು ನೆನಪಾಗಿರಬೇಕು ಅಂತ ನಮ್ಮವರ ವಾದ. ಹಾಗಿದ್ದರೆ ಜೀವಮಾನವಿಡೀ ಯಾಕೆ ಹುಡುಕಿಸಿದರು? ಅಕ್ಕಿಯಲ್ಲಿ ಉಂಗುರದಿಂದ ಬರೆಯುವ ನಮ್ಮ ಪದ್ಧತಿ ಅವರಿಗೆ ಯಾರು ಹೇಳಿದರು? ನನಗೆ ಗೊತ್ತಿಲ್ಲ.

ಲಿಂಡಾ ನನ್ನೊಂದಿಗೆ ಮಾತು ಬಿಟ್ಟಿಲ್ಲ, ಆದರೆ ಆ ಫೈಲನ್ನು ನನ್ನ ಮುಂದೆ ಬಿಚ್ಚುವುದಿಲ್ಲ. ನನ್ನ ಹೊಟ್ಟೆಕಿಚ್ಚೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಅವರ ಮುತ್ತಜ್ಜಿ ಕರೆದರೆ ಬಂದಳು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರ ಬಿಚ್ಚಿ ಹಿಡಿದು ಕೂರುತ್ತೇನೆ. ಆಯಿಯ ಹೆಸರನ್ನು ಕೈ ತಾನಾಗಿ ಬರೆದೀತೇನೋ ಅಂತ ಕಾಯುತ್ತೇನೆ. ಆಮೇಲೆ ಆ ಅಕ್ಕಿ ತೊಳೆದು ಅನ್ನಕ್ಕಿಡುತ್ತೇನೆ.