ಮಾಕ್ ಆಲ್ಟೊ ಒಬ್ಬಳೇ ಹಾಡಿದ್ದು

ನಮ್ಮ ಸರೋವರದ ದಂಡೆಯಲ್ಲಿರುವ ಬಾಲಿಗೆ ಊರಿನ ಸಂತೆಗೆ ಹೋಗಿ ಲಾಮ್ರಿಯಾ ಎಲ್ಲಿ ಕೂರುತ್ತಾಳೆ ಎಂದು ಕೇಳಿ ನೋಡಿ, ಎಲ್ಲರೂ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಮಾಕ್ ಆಲ್ಟೊ ಎಂದು ಕೇಳಬೇಕು. ಆಗ ಮೀನಿನ ಸಾಲು ದಾಟಿಸಿ, ಈರುಳ್ಳಿ ರಾಶಿಗಳ ಕೊನೆಗೆ ಕರೆದೊಯ್ದು, ಅಂದಾಲಿಮಾನ್ ಕಾಳಿನ ಬುಟ್ಟಿ ಮುಂದಿಟ್ಟುಕೊಂಡು ಕೂತಿರುವ ಅರವತ್ತು ದಾಟಿದ ಹೆಂಗಸನ್ನು ತೋರಿಸುತ್ತಾರೆ. ಆ ಹಸಿರು ಕಾಳು ನಾಲಿಗೆಗೆ ತಾಕಿದರೆ ಜುಮ್ಮೆನ್ನುತ್ತದೆ. ಅದನ್ನು ಮಾರುವವಳು ಮಾತ್ರ ಎದುರು ಕೂತರೂ ಇದ್ದಾಳೋ ಇಲ್ಲವೋ ಎನ್ನುವಷ್ಟು ಮೆತ್ತಗೆ.

ನಮ್ಮ ಬಾತಾಕ್ ಜನರಲ್ಲಿ ಚೊಚ್ಚಲು ಮಗು ಹುಟ್ಟಿದ ದಿನವೇ ಹೆಂಗಸಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ರೋತುವಾ ಹುಟ್ಟಿದಳೋ, ತಾಯಿ ಅಂದಿನಿಂದ ಮಾಕ್ ರೋತುವಾ, ಅಂದರೆ ರೋತುವಾಳ ಅಮ್ಮ. ಮಗುವೇ ಹುಟ್ಟದಿದ್ದರೆ ಅವಳನ್ನು ಏನೆಂದು ಕರೆಯುವುದು? ಮದುವೆಯಾದವಳನ್ನು ಹುಡುಗಿಯಂತೆ ಹೆಸರು ಹಿಡಿದು ಕೂಗಿದರೆ ಅವಮಾನ. ಹಾಗಾಗಿ ಜನ ಕರೆಯುವುದನ್ನೇ ತಪ್ಪಿಸುತ್ತಾರೆ. "ಏ, ಇಲ್ನೋಡು", "ನಿನ್ನೇ ಕಣಮ್ಮ" ಎಂದು ದಾಟಿಸಿಬಿಡುತ್ತಾರೆ. ಲಾಮ್ರಿಯಾ ಮದುವೆಯಾದ ಮೇಲೆ ಹನ್ನೆರಡು ವರ್ಷ ಹೀಗೆ 'ಏ'ಗೆ ಓಗೊಟ್ಟು ಬದುಕಿದಳು. ಇದನ್ನು ಮರ್ಯಾದೆ ಎಂದು ಕರೆಯುವ ನಮ್ಮವರ ಬಾಯಿಗೆ ಏನು ಹಾಕಬೇಕೋ ನನಗೆ ತಿಳಿಯದು.

ಅವಳಿಗೆ ಹೆಸರು ಸಿಕ್ಕಿದ್ದು 'ರಾಪ್ ಮಾರೆಂದೆ' ಮೇಳದಲ್ಲಿ. ಕೂಡಿ ಹಾಡುವುದು ಎಂದು ಆ ಮಾತಿನ ಅರ್ಥ. ಊರಿನ ಮೇಳವಾದರೂ ಊರವರೆಲ್ಲ ನುಗ್ಗುವಂತಿಲ್ಲ. ದನಿ ಪರೀಕ್ಷೆ ಮಾಡಿ ಆರಿಸುತ್ತಾರೆ. ಮೇಳ ಕಟ್ಟಿದ ಹಳೇ ಮೇಷ್ಟ್ರು ಅವಳನ್ನು ಆಲ್ಟೊ ಸಾಲಿಗೆ ಹಾಕಿದರು. ಹಾಡಿನ ರಾಗ ಮೇಲಿನ ದನಿಯ ಹೆಂಗಸರದ್ದು. ಆಲ್ಟೊದವರು ಅದರ ಕೆಳಗೆ ಒಂದೆರಡು ಸ್ವರಗಳಲ್ಲೇ ಸುತ್ತಾಡುತ್ತ ಹಾಡಿಗೆ ಹಾಸಿಗೆಯಂತೆ ಇರಬೇಕು. ಹಾಜರಿ ಕರೆಯುವಾಗ ಒಬ್ಬೊಬ್ಬಳೂ ತನ್ನ ಮಗುವಿನ ಹೆಸರು ಸೇರಿಸಿ ಹೇಳುತ್ತಿದ್ದಳು. ಲಾಮ್ರಿಯಾಳ ಸರದಿ ಬಂದಾಗ ಸುಮ್ಮನೆ ಕೈ ಎತ್ತುತ್ತಿದ್ದಳು. ಒಂದು ದಿನ ಮಾಕ್ ರೋತುವಾ ತಡೆಯಲಾರದೆ ಕೂಗಿಯೇಬಿಟ್ಟಳು.

"ಮೇಷ್ಟ್ರೇ, ಇವಳಿಗೆ ಆಲ್ಟೊನೇ ಕೂಸು. ಅಡಿಗೆ ಮನೇಲೂ ಅದನ್ನೇ ಎತ್ಕೊಂಡು ಓಡಾಡ್ತಾಳೆ. ಮಾಕ್ ಆಲ್ಟೊ ಅಂತ ಬರ್ಕೊಂಬಿಡಿ!"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಲಾಮ್ರಿಯಾ ಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮುಂದಿನ ವಾರ ಹಾಜರಿ ಕರೆದಾಗ ಎದ್ದು ನಿಂತು, "ಮಾಕ್ ಆಲ್ಟೊ ಬಂದಿದೀನಿ" ಎಂದಳು. ಯಾರೂ ನಗಲಿಲ್ಲ. ಅಂದಿನಿಂದ ಸಂತೆಯಲ್ಲೂ, ಚರ್ಚಿನಲ್ಲೂ, ಮದುವೆ ಚಪ್ಪರದಲ್ಲೂ ಅದೇ ಅವಳ ಹೆಸರಾಯಿತು. ತಮಾಷೆಗೆ ಹುಟ್ಟಿದ್ದು ಎನ್ನುವುದು ಊರಿಗೇ ಮರೆತುಹೋಯಿತು.

ಮೇಳದ ಕಟ್ಟುಪಾಡುಗಳನ್ನು ಅವಳಷ್ಟು ಪಾಲಿಸಿದವರು ಇನ್ನೊಬ್ಬರಿಲ್ಲ. ಗುರುವಾರ ಸಂಜೆ ಹೊತ್ತಿಗೆ ಸರಿಯಾಗಿ ಅಗುಳಿ ಹಾಕುತ್ತಾರೆ, ಆಮೇಲೆ ಬಂದವರು ಹೊರಗೆ. ಬಾಯಲ್ಲಿ ಎಲೆಯಡಿಕೆ ಇರಕೂಡದು. ಅಂಕಿಯಲ್ಲಿ ಬರೆದ ಸ್ವರಗಳನ್ನು ಮನೆಯಲ್ಲೇ ಕಲಿತು ಬರಬೇಕು. ಮೂರು ಸಲ ತಪ್ಪಿಸಿದರೆ ಹೆಸರು ತೆಗೆಯುತ್ತಾರೆ. ನೆಂಟರ ಮದುವೆ, ತಿಥಿ ಎಂಬ ನೆವ ನಡೆಯುವುದಿಲ್ಲ. ನಮ್ಮ ಊರಲ್ಲಿ ಈ ಕೊನೆಯದನ್ನು ಪಾಲಿಸುವುದು ಎಂದರೆ ಅರ್ಧ ಊರಿನ ಬೈಗುಳ ತಿನ್ನುವುದು. ಅಣ್ಣನ ಮಗಳ ಮದುವೆ ಊಟದ ಮಧ್ಯೆ ಎದ್ದು ಬಂದಳೆಂದು ತವರಿನವರು ಅವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಗಂಡನನ್ನು ಮಣ್ಣು ಮಾಡಿದ ವಾರವೂ ಅವಳು ತನ್ನ ಜಾಗದಲ್ಲಿ ನಿಂತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಹಳೇ ಮೇಷ್ಟ್ರ ಬಾಯಲ್ಲಿತ್ತು: "ನಿನ್ನ ದನಿ ನಂಗೆ ಬೇರೆಯಾಗಿ ಕೇಳಿಸ್ತು ಅಂದ್ರೆ ನೀನು ತಪ್ಪು ಹಾಡಿದೀಯ ಅಂತ ಲೆಕ್ಕ." ಅಷ್ಟು ವರ್ಷಗಳಲ್ಲಿ ಲಾಮ್ರಿಯಾಳ ದನಿ ಒಂದು ಸಲವೂ ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ಅವಳ ಹೆಮ್ಮೆಯೆಲ್ಲ ಅದೇ.

ಬಿನ್ಸಾರ್ ಅವಳ ಮೈದುನನ ಮೂರನೇ ಮಗ. ಸರೋವರದ ನಡುವಿನ ಸಾಮೋಸಿರ್ ದ್ವೀಪದಿಂದ ಶಾಲೆ ಕಲಿಯಲು ಏಳನೇ ವಯಸ್ಸಿಗೆ ಬಂದವನು ಪೂರ್ತಿ ಅವಳ ಮನೆಯಲ್ಲೇ ಬೆಳೆದ. ಅವನ ಸ್ವಂತ ತಾಯಿ ದ್ವೀಪದಲ್ಲಿ ಗಟ್ಟಿಮುಟ್ಟಾಗಿದ್ದಳು, ಆದ್ದರಿಂದ ಮಾಕ್ ಬಿನ್ಸಾರ್ ಎನ್ನಿಸಿಕೊಳ್ಳುವ ಹಕ್ಕು ಲಾಮ್ರಿಯಾಳಿಗೆ ಬರಲಿಲ್ಲ, ದೊಡ್ಡಮ್ಮನಾಗಿ ಉಳಿದಳು. ನೀರಿನ ಅಂಚಿನಲ್ಲಿ ಬಟ್ಟೆ ಒಗೆಯುವಾಗ ಹುಡುಗ ಗಂಟಲು ಬಿಟ್ಟು ರಾಗ ಎತ್ತುತ್ತಿದ್ದ, ದೊಡ್ಡಮ್ಮ ಕೆಳಗಿನ ದನಿ ಹಿಡಿಯುತ್ತಿದ್ದಳು. ಹದಿಮೂರು ವರ್ಷ ಹೀಗೆ ಕಳೆದ ಮೇಲೆ ಮೇದಾನ್ ಪಟ್ಟಣಕ್ಕೆ ಹೋಗಿ ಸಂಗೀತ ಓದಿದ. ಹಳೇ ಮೇಷ್ಟ್ರು ತೀರಿಕೊಂಡ ಮೇಲೆ ಮೇಳ ನಡೆಸಲು ಅವನೇ ಬಂದ. ಮೊದಲ ಗುರುವಾರ ಅವನು ಕೈ ಎತ್ತಿ ನಿಂತಾಗ ಲಾಮ್ರಿಯಾಳಿಗೆ ಕಣ್ಣು ಮಂಜಾಗಿ ಅಂಕಿಗಳೇ ಕಾಣಲಿಲ್ಲ. ಆದರೂ ತಪ್ಪಲಿಲ್ಲ, ಅವು ಬಾಯಿಗೇ ಬರುತ್ತಿದ್ದವು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಸಮುದ್ರದಾಚೆಯ ಪೆನಾಂಗ್‌ನಲ್ಲಿ ಮೇಳಗಳ ಸ್ಪರ್ಧೆ ಎಂದು ಕರೆ ಬಂತು. ಬಿನ್ಸಾರ್ ಎಲ್ಲರಿಗೂ ಮತ್ತೆ ಪರೀಕ್ಷೆ ಎಂದ, ಹಳಬರು ಹೊಸಬರು ಎನ್ನದೆ. ನಮ್ಮಲ್ಲಿ ನೆಂಟನಲ್ಲದವನು ಯಾರಿದ್ದಾನೆ? ಒಬ್ಬನನ್ನು ಬೇಡ ಎಂದರೆ ಇಡೀ ಕುಲ ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಅವನೊಂದು ಉಪಾಯ ಮಾಡಿದ. ಶಾಲೆಯ ದೊಡ್ಡ ಕೋಣೆಯಲ್ಲಿ ಎರಡು ಕಂಬಗಳ ನಡುವೆ ನೇಯ್ದ ಶಾಲುಗಳನ್ನು ಪರದೆಯಂತೆ ಕಟ್ಟಿಸಿದ. ಅವನೂ ಮೇದಾನ್‌ನಿಂದ ಬಂದ ಇಬ್ಬರೂ ಅದರ ಹಿಂದೆ ಕೂರುವುದು, ಹಾಡುವವರು ಚೀಟಿ ಎತ್ತಿ ಬಂದ ನಂಬರನ್ನಷ್ಟೇ ಹೇಳುವುದು.

ಲಾಮ್ರಿಯಾಳಿಗೆ ಹದಿನೇಳು ಬಂತು. "ನಿಂಗೇನೇ ಭಯ," ಎಂದು ಮಾಕ್ ರೋತುವಾ ಅವಳ ಪಕ್ಕೆ ತಿವಿದಳು, "ಒಳಗೆ ಕೂತಿರೋನು ನಿನ್ನ ಮಡ್ಲಲ್ಲಿ ಉಚ್ಚೆ ಹೊಯ್ದೋನು."

"ಏಳು ವರ್ಷದೋನು ಮಡ್ಲಲ್ಲಿ ಯಾಕೆ ಹೊಯ್ತಾನೆ? ಸುಮ್ನಿರು," ಎಂದಳು ಲಾಮ್ರಿಯಾ. ಆದರೂ ನಗು ಬಂತು. ಒಳಗೆ ಹೋಗಿ ಪರದೆಯ ಮುಂದೆ ನಿಂತು ನಂಬರು ಹೇಳಿದಳು. ಯಾವುದಾದರೂ ಹಾಡಿನ ಮೊದಲ ಚರಣ ಹಾಡಬೇಕಿತ್ತು. ಸಾವಿರ ಸಲ ಹಾಡಿದ್ದ ಸಂಜೆಯ ಪ್ರಾರ್ಥನೆಯೊಂದನ್ನು ಎತ್ತಿಕೊಂಡಳು. ಎರಡನೇ ಸಾಲಿಗೆ ಪರದೆಯ ಆಚೆಯಿಂದ ಬಿನ್ಸಾರನ ದನಿ ಬಂತು.

"ಅಮ್ಮಾ, ಆಲ್ಟೊ ಬೇಡ. ರಾಗ ಹಾಡಿ, ರಾಗ."

ಹಾಡಿ! ಏಳನೇ ವಯಸ್ಸಿನಿಂದ ನೀನು, ನಿಂಗೆ ಎಂದವನು ಇವತ್ತು ಬಹುವಚನ ಹಚ್ಚಿದ್ದಾನೆ. ಪಕ್ಕದವರಿಗೆ ಗೊತ್ತಾಗಬಾರದೆಂದು ಬೇರೆಯವರ ಹಾಗೆ ಮಾತಾಡುತ್ತಿದ್ದಾನೆ ಕಳ್ಳ, ಎಂದುಕೊಂಡು ಅವಳು ಒಳಗೊಳಗೇ ನಕ್ಕಳು. ನಕ್ಕು, ರಾಗ ಎತ್ತಲು ಬಾಯಿ ತೆರೆದಳು. ಆಗ ಗೊತ್ತಾಯಿತು, ರಾಗ ಅವಳ ಬಳಿ ಇಲ್ಲ.

ಅದನ್ನು ಅವಳು ಎಂದೂ ಹಾಡಿರಲಿಲ್ಲ. ಅದು ಸದಾ ಮೇಲೆ ಯಾರದೋ ಬಾಯಲ್ಲಿ ಇರುತ್ತಿತ್ತು, ಇವಳು ಅದಕ್ಕೆ ಆತು ನಿಲ್ಲುತ್ತಿದ್ದಳು. ಒಂದು ಸ್ವರ ಮೇಲಕ್ಕೆ ಹೋದಳು, ಎರಡನೆಯದು ಸಿಕ್ಕಿತು, ಮೂರನೆಯದಕ್ಕೆ ಮತ್ತೆ ಆಲ್ಟೊಗೇ ಜಾರಿದಳು. ಮತ್ತೆ ಶುರುಮಾಡಿದಳು. ಅಕ್ಕಪಕ್ಕ ಯಾರೂ ಇಲ್ಲದೆ ತನ್ನ ದನಿ ತನಗೇ ಕೇಳಿಸಿತು: ಒಡಕು, ನಡುಕ, ಯಾವುದೋ ಮುದುಕಿಯದು. ಹೆದರಿ ಇನ್ನೂ ಕೆಳಗಿಳಿದಳು. ಪರದೆಯ ಹಿಂದೆ ಯಾರೋ ಕುರ್ಚಿ ಎಳೆದರು.

"ಸಾಕು ಅಮ್ಮಾ. ಮುಂದಿನವರು ಬನ್ನಿ," ಎಂದ ಬಿನ್ಸಾರ್.

ಗುರುವಾರ ಎಲ್ಲರೂ ಸೇರಿದಾಗ ಬಿನ್ಸಾರ್ ಮುಂದೆ ನಿಂತು, ಈ ಸಲ ಆಯ್ಕೆಯಾಗದವರ ನಂಬರುಗಳನ್ನು ಓದಿದ. ನಂಬರು ಕೇಳಿದವರು ಎದ್ದು ನಮಸ್ಕರಿಸಿ ಹೊರಡುವುದು ಎಂದಾಗಿತ್ತು. ಮೂರು ಜನ ಎದ್ದರು. "ಹದಿನೇಳು," ಎಂದ. ಯಾರೂ ಏಳಲಿಲ್ಲ. "ಹದಿನೇಳು ಯಾರು? ಬಂದಿಲ್ವಾ?"

ಲಾಮ್ರಿಯಾ ಎದ್ದಳು. ಅವನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಬಗ್ಗಿ ಕುರ್ಚಿಯ ಕೆಳಗಿದ್ದ ಚೀಲ ತಡಕಾಡಿ ತೆಗೆದುಕೊಂಡು, ಎಲ್ಲರ ಕಾಲು ದಾಟಿ ಹೊರಗೆ ಬಂದಳು. ಹಿಂದೆಯೇ ಮಾಕ್ ರೋತುವಾಳ ಬಾಯಿ ಕೇಳಿಸಿತು: "ಏನೋ ಬಿನ್ಸಾರ್, ನಿನ್ನ ಕಿವಿಗೇನು ಮಣ್ಣು ಮೆತ್ಕೊಂಡಿದೆಯೇನೋ!" ಆಮೇಲೆ ಅವಳೂ ದಡದಡನೆ ಎದ್ದು ಬಂದಳು.

ದಾರಿಯುದ್ದಕ್ಕೂ ಮಾಕ್ ರೋತುವಾಳದ್ದೇ ಅಳು, ಅವಳದ್ದೇ ಶಾಪ. "ಅನ್ನ ಹಾಕಿದ ಕೈಗೇ ಕಚ್ಚಿದ್ನಲ್ಲೇ! ಮುಖ ಎತ್ತಿ ಹೇಗೆ ಓಡಾಡ್ತಾನೆ ಅವನು?"

"ಅವನನ್ನ ಅನ್ಬೇಡ," ಎಂದಳು ಲಾಮ್ರಿಯಾ. "ನನ್ನ ದನಿ ಅವನಿಗೆ ಗೊತ್ತಾಗ್ದೇ ಇರುತ್ತೇನೇ? ಗೊತ್ತಿದ್ದೇ ತೆಗ್ದಿದಾನೆ. ದೊಡ್ಡಮ್ಮ ಅಂತ ಒಳಗೆ ಬಿಟ್ಕೊಂಡಿದ್ರೆ ನಾನೇ ಅವನ ಕಿವಿ ಹಿಂಡ್ತಿದ್ದೆ. ನ್ಯಾಯವಾಗಿರು ಅಂತ ಹೇಳಿ ಬೆಳೆಸಿದೀನಿ, ಹಾಗೇ ಇದಾನೆ."

"ನಿಂಗೆ ಹೊಟ್ಟೆ ಉರಿಯಲ್ವೇನೇ?"

"ಉರಿಯುತ್ತೆ," ಎಂದಳು. "ಆದ್ರೂ ಅವನು ತಪ್ಪು ಮಾಡ್ಲಿಲ್ಲ."

ಆ ಎರಡು ದಿನ ಅವಳು ಈ ಒಂದು ಮಾತನ್ನು ಹಿಡಿದುಕೊಂಡು ಬದುಕಿದಳು. ಸಂತೆಯಲ್ಲಿ ಈರುಳ್ಳಿಯವಳು "ಮಾಕ್ ಆಲ್..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡು, "ಏ, ಇಲ್ನೋಡು, ಒಂದ್ ಹಿಡಿ ಕಾಳು ಕೊಡು" ಎಂದಳು. ಪಾಪ, ನೋಯಿಸಬಾರದೆಂದು ಹಾಗೆಂದದ್ದು. ಲಾಮ್ರಿಯಾ ಕಾಳು ಕಟ್ಟಿಕೊಟ್ಟಳು. ಹೋಗಲಿ, ಹೆಸರು ಹೋದರೆ ಹೋಗಲಿ, ಜಾಗ ಹೋದರೆ ಹೋಗಲಿ. ಜಗತ್ತಿನಲ್ಲಿ ಒಬ್ಬನಿದ್ದಾನೆ, ಪರದೆಯ ಆಚೆಯಿಂದಲೂ ತನ್ನನ್ನು ಗುರುತು ಹಿಡಿದು, ಎದೆ ಕಲ್ಲು ಮಾಡಿಕೊಂಡು ನ್ಯಾಯ ಹೇಳಿದವನು. ಅವನಿಗೂ ಅವತ್ತು ನಿದ್ದೆ ಬಂದಿರಲಾರದು ಎಂದುಕೊಂಡರೆ ಅವಳಿಗೆ ಅವನ ಮೇಲೇ ಕನಿಕರ ಬರುತ್ತಿತ್ತು.

ಭಾನುವಾರ ಇಳಿಹೊತ್ತಿಗೆ ಬಿನ್ಸಾರ್ ಬಂದ. ಹೆಂಡತಿಯ ಕೈಲಿ ಇಡೀ ಮೀನಿನ ಮಸಾಲೆ ಅಡುಗೆ ಮಾಡಿಸಿ, ಪಾತ್ರೆ ಮುಚ್ಚಿ ತಂದಿದ್ದ. ಹಿರಿಯರ ಮನಸ್ಸು ನೋಯಿಸಿದವರು ತರುವ ಹಾಗೆ. ಚಾಪೆಯ ಮೇಲೆ ಕೂತು ಬೆರಳು ಹಿಸುಕಿಕೊಂಡ.

"ದೊಡ್ಡಮ್ಮ, ಮೇಳದವರ ಹತ್ರ ಮಾತಾಡಿದೀನಿ. ಎಲ್ರೂ ಒಪ್ಪಿದ್ರು. ಗುರುವಾರ ಬಾ. ಪೆನಾಂಗ್‌ಗೂ ಬಾ. ಹಿಂದಿನ ಸಾಲಲ್ಲಿ ನಿಂತ್ಕೋ, ಕಷ್ಟ ಆದ್ರೆ ಬರೀ ಬಾಯಿ ಆಡಿಸಿದ್ರೂ ನಡೆಯುತ್ತೆ."

ಆ ಕೊನೆಯ ಮಾತು ಅವಳಿಗೆ ಚುಚ್ಚಲಿಲ್ಲ ಎಂದಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ. ತಟ್ಟೆಗೆ ಅನ್ನ ಬಡಿಸುತ್ತ, ನಗುನಗುತ್ತಲೇ ಕೇಳಿದಳು.

"ಅದಿರ್ಲಿ ಬಿಡೋ. ಪರದೆ ಹಿಂದೆ ಕೂತು 'ಹಾಡಿ' ಅಂದ್ಯಲ್ಲ, ಭಾರಿ ಮರ್ಯಾದೆ ಕೊಟ್ಟು. ಯಾವಾಗ ಗೊತ್ತಾಯ್ತು ನಿಂಗೆ, ಮೊದಲನೇ ಸಾಲಿಗೇನಾ?"

"ಏನು ಗೊತ್ತಾಗೋದು?"

"ನಾನು ಅಂತ."

ಬಿನ್ಸಾರ್ ಅವಳ ಎರಡೂ ಕೈ ಹಿಡಿದುಕೊಂಡ. ಇಷ್ಟು ದಿನ ಎದೆಯಲ್ಲಿದ್ದ ಭಾರ ಇಳಿಸಲು ಅವಳೇ ದಾರಿ ಮಾಡಿಕೊಟ್ಟಳೆಂದು ಅವನ ಮುಖ ಅರಳಿತು.

"ದೇವರಾಣೆ ಗೊತ್ತಾಗ್ಲಿಲ್ಲ ದೊಡ್ಡಮ್ಮ! ಅಯ್ಯೋ, ನೀನು ಬೇರೆ ಏನಾದ್ರೂ ಅಂದ್ಕೊಂಡಿದ್ಯಾ? ಯಾರೋ ಹಳ್ಳಿ ಕಡೆಯಿಂದ ಬಂದಿರೋ ವಯಸ್ಸಾದೋರು ಅಂದ್ಕೊಂಡೆ. ನೀನು ಎದ್ದು ನಿಂತಾಗ್ಲೇ ನಂಗೆ ತಿಳಿದಿದ್ದು. ನೀನು ಅಂತ ಗೊತ್ತಿದ್ದಿದ್ರೆ ತೆಗೀತಿದ್ನಾ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಸುಳ್ಳು ಬರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ತನ್ನನ್ನು ಬೇಡ ಎಂದದ್ದನ್ನು ಅವಳು ತಾಳಿಕೊಂಡಿದ್ದಳು. ಹದಿಮೂರು ವರ್ಷ ದಿನಾ ಪಕ್ಕದಲ್ಲಿ ಹಾಡಿದವಳ ದನಿ ಅವನ ಕಿವಿಯಲ್ಲಿ ಇರಲೇ ಇಲ್ಲ ಎನ್ನುವುದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ.

"ಊಟ ಮಾಡು, ಆರಿಹೋಗುತ್ತೆ," ಎಂದಳು.

"ಗುರುವಾರ ಬರ್ತೀಯಲ್ಲ?"

"ಇಲ್ಲ ಕಣಪ್ಪ. ನಂಗೆ ಸಾಕು."

"ಇನ್ನೂ ಸಿಟ್ಟಾ?"

"ನಿನ್ನ ಮೇಲೆ ಯಾಕೋ ಸಿಟ್ಟು," ಎಂದು ಮೀನಿನ ಒಳ್ಳೆಯ ತುಂಡು ನೋಡಿ ಅವನ ತಟ್ಟೆಗೆ ಹಾಕಿದಳು. ಅವನು ಚಪ್ಪರಿಸಿಕೊಂಡು ಉಂಡ, ಇನ್ನೆರಡು ಸಲ ಕರೆದ, ಕೊನೆಗೆ ಖಾಲಿ ಪಾತ್ರೆ ಹಿಡಿದು ಹೊರಟ.

ಅವನು ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಚಾಪೆಯ ಮೇಲೆ ಕುಸಿದಳು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ. ಸತ್ತವರ ಮನೆಯಲ್ಲಿ ನಮ್ಮ ಹೆಂಗಸರು ಅಳುವ ಹಾಗೆ, ಹೊಟ್ಟೆಯ ಆಳದಿಂದ, ಗೋಡೆ ಬಿರಿಯುವಂತೆ ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತವಳಲ್ಲ. ಆಗ ಉಳಿದವರ ಅಳುವಿನ ಕೆಳಗೆ ಅವಳದ್ದು ಸೇರಿಹೋಗಿತ್ತು.

ಪಕ್ಕದ ಮನೆಯ ಹಿತ್ತಿಲಲ್ಲಿ ಬಟ್ಟೆ ಎತ್ತುತ್ತಿದ್ದ ಮಾಕ್ ರೋತುವಾ ಗಾಬರಿಯಾಗಿ ಬೇಲಿಯ ಬಳಿ ಓಡಿಬಂದಳು.

"ಯಾರದು? ಯಾರಮ್ಮ ಅದು ಅಳ್ತಿರೋದು?"

"ನಾನು," ಎಂದಳು ಲಾಮ್ರಿಯಾ ಒಳಗಿನಿಂದ.

"ನಾನು ಅಂದ್ರೆ?" ಎಂದು ಬೇಲಿಯಾಚೆಯಿಂದ ಮಾಕ್ ರೋತುವಾ ಮತ್ತೆ ಕೂಗಿದಳು. "ನಾನು ಅಂದ್ರೆ ಯಾರು?"